ಜಿಲ್ಲೆಗೊಂದು ವಿಜ್ಞಾನ ಮ್ಯೂಸಿಯಂ: ಜಾಗ, ನಕ್ಷೆ, ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೊಂದು ವಿಜ್ಞಾನ ಮ್ಯೂಸಿಯಂ ಬೇಕು ಅನ್ನುವ ಮಾತು ಶುರುವಾದರೆ ಸಾಕು, ಮೊದಲ ಸಭೆಯಲ್ಲೇ ಯಾರಾದರೂ ಮೊಬೈಲಿನಲ್ಲಿ ಗಾಜಿನ ಗುಮ್ಮಟದ ಚಿತ್ರ ತೋರಿಸುತ್ತಾರೆ. ಎರಡನೇ ಸಭೆಯಲ್ಲಿ ಶಂಕುಸ್ಥಾಪನೆಗೆ ಯಾರನ್ನು ಕರೆಯೋದು ಅನ್ನುವ ಚರ್ಚೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅನ್ನುವ ಮಾತು ಮಾತ್ರ ಎಷ್ಟು ಸಭೆ ಆದರೂ ಬರುವುದಿಲ್ಲ. ಮೇಷ್ಟ್ರುಗಳು, ನಿವೃತ್ತ ಇಂಜಿನಿಯರುಗಳು, ನಗರಸಭೆ ಸದಸ್ಯರು, ವಿದೇಶದಲ್ಲಿರುವ ನಮ್ಮವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಹೆಚ್ಚಿನವು ಕರ್ನಾಟಕಕ್ಕೆ ಹೊಂದುವಂಥವು.

ಮೊದಲು ಏನು ಮಾಡಬೇಕು? ಕಟ್ಟಡದ ನಕ್ಷೆಯೋ, ದುಡ್ಡಿನ ಲೆಕ್ಕವೋ?

ಲೆಕ್ಕ. ಅದೂ ಕಟ್ಟುವ ಖರ್ಚಿನ ಲೆಕ್ಕ ಆಮೇಲೆ, ನಡೆಸುವ ಖರ್ಚಿನ ಲೆಕ್ಕ ಮೊದಲು. ಬಾಗಿಲು ತೆರೆದ ಮೇಲೆ ವರ್ಷಕ್ಕೆ ಸಂಬಳ ಎಷ್ಟು, ಕರೆಂಟ್ ಎಷ್ಟು, ಮಕ್ಕಳು ಮುಟ್ಟಿ ತಿರುಗಿಸಿ ನೋಡುವ ಮಾದರಿಗಳು ಕೆಟ್ಟಾಗ ರಿಪೇರಿ ಮಾಡೋಕೆ ಎಷ್ಟು, ಇದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆ ಮೊತ್ತ ಪ್ರತಿ ವರ್ಷ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ, ಎಷ್ಟು ದೊಡ್ಡ ಕಟ್ಟಡವನ್ನು ನೀವು ಸಾಕಬಹುದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಅದಾದ ಮೇಲೆ ಒಳಗೆ ಏನಿರಬೇಕು ಅನ್ನುವುದು. ಕಟ್ಟಡ ಮೂರನೆಯದು. ನಮ್ಮಲ್ಲಿ ಇದು ಪೂರ್ತಿ ಉಲ್ಟಾ ನಡೆಯುತ್ತದೆ, ಯಾಕೆಂದರೆ ಕಟ್ಟಡಕ್ಕೆ ರಿಬ್ಬನ್ ಕಟ್ಟಬಹುದು, ಸಂಬಳದ ಖಾತೆಗೆ ಕಟ್ಟಲಾಗುವುದಿಲ್ಲ.

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲರಿಗೂ ಗೊತ್ತು ಅಲ್ವಾ? ಕಬ್ಬನ್ ಪಾರ್ಕಿನ ಪಕ್ಕದ ಆ ಕಟ್ಟಡವನ್ನು ನೆಹರೂ ಉದ್ಘಾಟಿಸಿದ್ದು 1962ರ ಜುಲೈ 14ರಂದು. ಮೊದಲ ಗ್ಯಾಲರಿ, ವಿದ್ಯುತ್ತಿನ ಬಗ್ಗೆ, ಜನರಿಗೆ ತೆರೆದದ್ದು 1965ರ ಜುಲೈ 27ರಂದು. ಅದನ್ನು ಉದ್ಘಾಟಿಸಿದವರು ಆಗ ವಾರ್ತಾ ಮತ್ತು ಪ್ರಸಾರ ಸಚಿವೆಯಾಗಿದ್ದ ಇಂದಿರಾ ಗಾಂಧಿ. ಮಧ್ಯೆ ಮೂರು ವರ್ಷ. ಅದು ದೊಡ್ಡ ಕೈಗಾರಿಕಾ ಮನೆತನಗಳು, ಸರ್ಕಾರ ಎಲ್ಲ ಬೆನ್ನಿಗಿದ್ದ ಸಂಸ್ಥೆ. ನಿಮ್ಮ ಜಿಲ್ಲೆಯ ಸಮಿತಿಗೆ ಖಾಲಿ ಕಟ್ಟಡವನ್ನು ಮೂರು ವರ್ಷ ಸಾಕುವ ತಾಕತ್ತು ಇದೆಯಾ ಅಂತ ನೋಡಿಕೊಳ್ಳಿ.

ಸರ್ಕಾರದ ಯೋಜನೆ ಯಾವುದಾದರೂ ಇದೆಯಾ?

ಇದೆ. ಕೋಲ್ಕತ್ತಾದಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಪರಿಷತ್ತು, ಅಂದರೆ ಎನ್‌ಸಿಎಸ್‌ಎಂ, 1978ರಿಂದ ಇದೇ ಕೆಲಸ ಮಾಡುತ್ತಿದೆ. ಕೇಂದ್ರದ ಸಂಸ್ಕೃತಿ ಸಚಿವಾಲಯದ ಅಡಿ ಬರುತ್ತದೆ. ವಿಜ್ಞಾನದ ಸಂಸ್ಕೃತಿ ಬೆಳೆಸುವುದಕ್ಕೆ ಅಂತ ಸಚಿವಾಲಯದ ಒಂದು ಯೋಜನೆ ಇದೆ, ಸ್ಪಾಕ್ಸ್ ಅಂತ ಕರೆಯುತ್ತಾರೆ. ಅದರ ಸಾರಾಂಶ ಇಷ್ಟು: ರಾಜ್ಯ ಸರ್ಕಾರ ಪ್ರಸ್ತಾವನೆ ಕಳಿಸಬೇಕು, ಜಾಗ ಪುಕ್ಕಟೆ ಕೊಡಬೇಕು, ಖರ್ಚನ್ನು ಕೇಂದ್ರ ಮತ್ತು ರಾಜ್ಯ ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತವೆ. ಪರಿಷತ್ತು ಕಟ್ಟಿಸಿ, ಒಳಗೆ ಮಾದರಿಗಳನ್ನು ಕೂರಿಸಿ, ಕೀಲಿಕೈ ರಾಜ್ಯಕ್ಕೆ ಕೊಡುತ್ತದೆ.

ಕೀಲಿಕೈ ಕೊಟ್ಟ ದಿನದಿಂದ ನಡೆಸುವ ಜವಾಬ್ದಾರಿ ರಾಜ್ಯದ್ದು. ಇದನ್ನು ಓದದೆಯೇ ಜನ ಖುಷಿಯಿಂದ ಅರ್ಜಿ ಬರೆಯುತ್ತಾರೆ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರದ್ದು. ಅದನ್ನು ಪರಿಷತ್ತೇ ನಡೆಸುತ್ತದೆ, ಬೆಂಗಳೂರಿನ ಮ್ಯೂಸಿಯಂನ ಶಾಖೆಯ ಹಾಗೆ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ 2012ರದ್ದು, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿದೆ, ಅದು ಕಟ್ಟಿ ರಾಜ್ಯಕ್ಕೆ ಒಪ್ಪಿಸಿದ ಬಗೆಯದು. ಈಗ ಹೊಸದಾಗಿ ಕೇಳುವವರಿಗೆ ಸಿಗುವುದು ಧಾರವಾಡದ ಬಗೆಯದು, ಕಲಬುರಗಿಯದ್ದಲ್ಲ. ಎರಡನ್ನೂ ಹೋಗಿ ನೋಡಿ. ಮಾದರಿಗಳನ್ನು ನೋಡಿದ ಮೇಲೆ ಅಲ್ಲಿನ ಮೆಕ್ಯಾನಿಕ್ ಹತ್ತಿರ ಅರ್ಧ ಗಂಟೆ ಮಾತಾಡಿ.

ನಮ್ಮ ಸಂಘ ನೇರವಾಗಿ ಅರ್ಜಿ ಹಾಕಬಹುದಾ?

ಇಲ್ಲ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮೂಲಕ ಹೋಗಬೇಕು. ಸಂಘದ ಕೆಲಸ ಏನೆಂದರೆ ಜಿಲ್ಲಾಧಿಕಾರಿ ಟೇಬಲ್ಲಿಗೆ ಫೈಲ್ ಬರುವ ಹಾಗೆ ಮಾಡುವುದು, ಬಂದ ಮೇಲೆ ಅದು ಅಲ್ಲೇ ಮಲಗದ ಹಾಗೆ ನೋಡಿಕೊಳ್ಳುವುದು.

ಜಾಗ ಎಲ್ಲಿ ತಗೋಬೇಕು? ಊರಾಚೆ ಹತ್ತು ಎಕರೆ ಗೋಮಾಳ ಸಿಗುತ್ತೆ ಅಂತಿದ್ದಾರೆ.

ಬೇಗ ಒಪ್ಪಬೇಡಿ. ಎಕರೆ ನೋಡುವ ಮೊದಲು ಬಸ್ಸಿನ ದಾರಿ ನೋಡಿ. ಹಳ್ಳಿ ಶಾಲೆಯ ಮಕ್ಕಳು ಬೆಳಿಗ್ಗೆ ಹೊರಟು, ಊಟ ಮಾಡಿ, ಸಂಜೆ ಶಾಲೆ ಬಿಡುವ ಹೊತ್ತಿಗೆ ವಾಪಸ್ ಬರೋಕೆ ಆಗಬೇಕು. ಭಾನುವಾರ ಅಪ್ಪ ಅಮ್ಮ ಮಗುವನ್ನು ಸಿಟಿ ಬಸ್ಸಲ್ಲಿ ಕರೆದುಕೊಂಡು ಬರುವ ಹಾಗಿರಬೇಕು. ಊರಿಂದ ದೂರದಲ್ಲೇ ಕಟ್ಟಬೇಕಾದರೆ ಅಲ್ಲಿ ಬರೋಕೆ ಬೇರೆ ಕಾರಣಗಳೂ ಇರಲಿ. ಮಂಗಳೂರಿನ ಪಿಲಿಕುಳ ನಿಸರ್ಗಧಾಮ ಊರಿಂದ ಆಚೆಯೇ ಇದೆ, ಆದರೂ ನಡೆಯುತ್ತದೆ. ಅಲ್ಲಿ ಮೃಗಾಲಯ ಇದೆ, ಕೆರೆ ಇದೆ, ಕುಶಲಕರ್ಮಿಗಳ ಪಾರಂಪರಿಕ ಗ್ರಾಮ ಇದೆ, ವಿಜ್ಞಾನ ಕೇಂದ್ರ ಇದೆ, 2018ರಿಂದ ತ್ರೀಡಿ ತಾರಾಲಯವೂ ಇದೆ. ಒಂದು ದಿನದ ಪ್ರವಾಸಕ್ಕೆ ಆಗುವಷ್ಟು ಸರಕು. ಬರೀ ಒಂದು ಕಟ್ಟಡವನ್ನು ಬೋಳು ಗುಡ್ಡದ ಮೇಲೆ ಕೂರಿಸಿದರೆ ಹಾಗೆ ಆಗುವುದಿಲ್ಲ.

ವಿಶ್ವವಿದ್ಯಾಲಯ ಅಥವಾ ಹಳೇ ಕಾಲೇಜಿನ ಆವರಣ ಸಿಕ್ಕರೆ ಬಹಳ ಒಳ್ಳೇದು. ನೀರು, ಕರೆಂಟ್, ರಸ್ತೆ ಆಗಲೇ ಇರುತ್ತವೆ, ವಿವರಿಸುವುದಕ್ಕೆ ವಿದ್ಯಾರ್ಥಿಗಳೂ ಸಿಗುತ್ತಾರೆ. ಯಾವ ಜಾಗವಾದರೂ ಪಹಣಿ ಯಾರ ಹೆಸರಲ್ಲಿದೆ, ಹದ್ದುಬಸ್ತು ಆಗಿದೆಯಾ, ಕೆರೆ ಅಥವಾ ರಾಜಕಾಲುವೆ ಅಂಚಿಗೆ ಎಷ್ಟು ಹತ್ತಿರ, ಪಕ್ಕದವರು ಕೋರ್ಟಿಗೆ ಹೋಗಿದ್ದಾರಾ, ಇಷ್ಟನ್ನೂ ನಕ್ಷೆ ಬರೆಯುವ ಮೊದಲು ನೋಡಿ. "ಮಾಡಿಕೊಡ್ತೀವಿ" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಆರ್ಕಿಟೆಕ್ಟಿಗೆ ಫೀಸು ಕೊಡಬೇಡಿ.

ಡಿಪಿಆರ್‌ನಲ್ಲಿ ಏನೇನು ಇರಬೇಕು?

ವಿವರವಾದ ಯೋಜನಾ ವರದಿ ಅಂದರೆ ದಪ್ಪ ಪುಸ್ತಕ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದಪ್ಪ ಮುಖ್ಯ ಅಲ್ಲ. ಕಾಮಗಾರಿಯ ಖರ್ಚು ಬೇರೆ, ಒಳಗಿನ ಮಾದರಿಗಳ ಖರ್ಚು ಬೇರೆ ಅಂತ ಎರಡು ಕಾಲಂ ಇರಲೇಬೇಕು. ಎರಡನ್ನೂ ಒಂದೇ ಮೊತ್ತದಲ್ಲಿ ತೋರಿಸಿದರೆ ಏನಾಗುತ್ತದೆ ಗೊತ್ತಾ? ಅಡಿಪಾಯದಲ್ಲಿ ಬಂಡೆ ಸಿಗುತ್ತದೆ, ಸ್ಟೀಲ್ ರೇಟ್ ಏರುತ್ತದೆ, ಅದೆಲ್ಲ ಮಾದರಿಗಳ ದುಡ್ಡನ್ನೇ ತಿನ್ನುತ್ತದೆ, ಕೊನೆಗೆ ಗ್ರಾನೈಟ್ ನೆಲದ ಮೇಲೆ ನಾಲ್ಕು ಪೋಸ್ಟರ್ ಉಳಿಯುತ್ತವೆ. ಮಾದರಿಗಳ ದುಡ್ಡು ಬೇರೆ ಖಾತೆಯಲ್ಲೇ ಇರಲಿ.

ಜಿಎಸ್‌ಟಿ ಮರೆಯಬೇಡಿ. ಕಾಮಗಾರಿ ಗುತ್ತಿಗೆಗೆ 18% ಅಂದರೆ ಹತ್ತು ಕೋಟಿಯ ಕೆಲಸಕ್ಕೆ ಒಂದು ಕೋಟಿ ಎಂಬತ್ತು ಲಕ್ಷ. ಅದು ಅಂದಾಜಿನಲ್ಲಿ ಇಲ್ಲದಿದ್ದರೆ ಕೊನೆಯ ಮಹಡಿ ಇರುವುದಿಲ್ಲ, ಅಷ್ಟೇ. ಬೆಲೆ ಏರಿಕೆಗೆ, ಅನಿರೀಕ್ಷಿತ ಖರ್ಚಿಗೆ ಒಂದು ಪಾಲು, ಮೇಲ್ವಿಚಾರಣೆಗೆ ಒಂದು ಪಾಲು, ತೆರೆದ ಮೊದಲ ಎರಡು ವರ್ಷದ ನಿರ್ವಹಣೆಗೆ ಒಂದು ಪಾಲು. ಈ ಕೊನೆಯದನ್ನು ಹಣಕಾಸು ಇಲಾಖೆ ಮೊದಲು ಹೊಡೆದು ಹಾಕುತ್ತದೆ. ಅಲ್ಲಿ ಸ್ವಲ್ಪ ಜಗಳ ಆಡಿ.

ಟೆಂಡರ್ ಬಗ್ಗೆ ಒಂದು ಮಾತು. ಸರ್ಕಾರದ ದುಡ್ಡು ಬಂದರೆ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ ಪ್ರಕಾರವೇ ಖರೀದಿ ಆಗಬೇಕು. ಸಿಮೆಂಟಿಗೆ ಕಡಿಮೆ ದರದವರು ಸರಿ. ಮಕ್ಕಳು ದಿನಕ್ಕೆ ನೂರು ಸಲ ತಿರುಗಿಸುವ ಮಾದರಿಗೆ ಬರೀ ಕಡಿಮೆ ದರ ನೋಡಿದರೆ ಮೂರು ತಿಂಗಳಲ್ಲಿ ಹಿಡಿಕೆ ಕೈಗೆ ಬರುತ್ತದೆ. ಟೆಂಡರಿನಲ್ಲೇ ಮೊದಲು ಒಂದು ಮಾದರಿ ಮಾಡಿ ತೋರಿಸಬೇಕು, ಶಾಲಾ ಮಕ್ಕಳ ಕೈಯಲ್ಲಿ ಒಂದು ವಾರ ಬಾಳಬೇಕು ಅನ್ನುವ ಷರತ್ತು ಹಾಕಿ.

ಕಟ್ಟಡ ಬೇರೆ ಕಟ್ಟಡಗಳಿಗಿಂತ ಹೇಗೆ ಬೇರೆ? ನಮ್ಮಲ್ಲಿ ಒಳ್ಳೇ ಇಂಜಿನಿಯರ್ ಇದ್ದಾರೆ, ಕಲ್ಯಾಣ ಮಂಟಪ ಕಟ್ಟಿದ್ದಾರೆ.

ಕಲ್ಯಾಣ ಮಂಟಪ ಕಟ್ಟಿದವರಿಗೆ ಒಂದು ಅನುಕೂಲ ಇದೆ, ಜನ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಉಳಿದದ್ದು ಹೇಳುತ್ತೇನೆ.

ನೆಲ ಗಟ್ಟಿ ಇರಬೇಕು. ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಅಂತ ಲೆಕ್ಕ ಹಾಕುತ್ತಾರೆ. ಮ್ಯೂಸಿಯಂಗೆ ಅದರ ಎರಡು ಪಟ್ಟು ಇಟ್ಟುಕೊಳ್ಳಬೇಕು. ಹಳೇ ಸ್ಟೀಮ್ ಇಂಜಿನ್ನೋ ವಿಮಾನದ ಇಂಜಿನ್ನೋ ಬರುವುದಿದ್ದರೆ ಅದಕ್ಕೂ ಜಾಸ್ತಿ. ಸರಕು ಇಳಿಸುವ ಬಾಗಿಲು ಲಾರಿಯ ಹಿಂಬದಿಗೆ ಹೊಂದುವಷ್ಟು ಅಗಲ, ಎತ್ತರ ಇರಲಿ. ಗಾಜಿನ ಮುಂಬಾಗಿಲಿನಿಂದ ದೊಡ್ಡ ಮಾದರಿ ಒಳಗೆ ಹೋಗದೆ ಗೋಡೆ ಒಡೆಸಿದರೆ ಆ ಖರ್ಚು ಯಾವ ಅಂದಾಜಿನಲ್ಲೂ ಇರುವುದಿಲ್ಲ. ಹಾಲಿನ ಮಧ್ಯೆ ಕಂಬ ಕಮ್ಮಿ ಇರಲಿ, ಚಾವಣಿ ಎತ್ತರ ಇರಲಿ. ಬೆಳಕಿನ ಪ್ರಯೋಗಗಳಿಗೆ ಕತ್ತಲೆ ಬೇಕು. ಹಾಗಾಗಿ ಎಲ್ಲ ಕಡೆ ಗಾಜು ಹಾಕಿ ಆಮೇಲೆ ಕಪ್ಪು ಪರದೆ ಹೊಲಿಸುವ ಕೆಲಸ ಬೇಡ. ಬಯಲುಸೀಮೆ ಬಿಸಿಲಿಗೆ ಆ ಗಾಜಿನ ಗೋಡೆ ಎಸಿ ಬಿಲ್ಲನ್ನು ಎಲ್ಲಿಗೆ ಒಯ್ಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಶೌಚಾಲಯದ ವಿಷಯ ಯಾರೂ ಮಾತಾಡುವುದಿಲ್ಲ. ಎರಡು ಶಾಲಾ ಬಸ್ಸು ಒಟ್ಟಿಗೆ ಬಂದರೆ ನೂರು ಮಕ್ಕಳು, ಎಲ್ಲರಿಗೂ ಇಳಿದ ಕೂಡಲೇ ಹೋಗಬೇಕು. ಹುಡುಗಿಯರ ಕಡೆ ನಾಲ್ಕೇ ನಾಲ್ಕು ಇದ್ದರೆ ಅರ್ಧ ಗಂಟೆ ಅಲ್ಲೇ ಹೋಯಿತು. ಡಬ್ಬಿ ಬಿಚ್ಚಿ ಊಟ ಮಾಡೋಕೆ ನೆರಳಿನ ಜಾಗ, ಕೈ ತೊಳೆಯೋಕೆ ಉದ್ದದ ತೊಟ್ಟಿ, ಬಸ್ ತಿರುಗಿಸೋಕೆ ಜಾಗ. ಗಾಲಿಕುರ್ಚಿ ಎಲ್ಲ ಗ್ಯಾಲರಿಗೂ ಹೋಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ದಯೆಯ ವಿಷಯ ಅಲ್ಲ.

ಎಲ್ಲಕ್ಕಿಂತ ಮುಖ್ಯ ಕಾರ್ಯಾಗಾರ. ಲೇತು, ಡ್ರಿಲ್ಲು, ವೆಲ್ಡಿಂಗ್, ಮರಗೆಲಸ, ಎಲೆಕ್ಟ್ರಾನಿಕ್ಸ್ ಬೆಂಚು. ಮುಟ್ಟಿ ನೋಡುವ ಮಾದರಿ ಅಂದ ಮೇಲೆ ಅದು ಕೆಡುತ್ತದೆ, ಕೆಡಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರಾಂಕ್ ಒಪೆನ್‌ಹೈಮರ್ 1969ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅನ್ನುವ ವಿಜ್ಞಾನ ಮ್ಯೂಸಿಯಂ ಶುರು ಮಾಡಿದಾಗ ಕಾರ್ಯಾಗಾರವನ್ನು ಬಂದವರ ಕಣ್ಣೆದುರೇ ಇಟ್ಟರು. ಮಕ್ಕಳಿಗೆ ಅದೂ ಒಂದು ಪ್ರದರ್ಶನ. ಅದಕ್ಕೆ ಅವರು ಹೊಸ ಕಟ್ಟಡವನ್ನೂ ಕಟ್ಟಿಸಿರಲಿಲ್ಲ, 1915ರ ವಸ್ತುಪ್ರದರ್ಶನಕ್ಕೆ ಅಂತ ಶುರುವಾದ ಅರಮನೆಯಂಥ ಜಾಗದ ಹಾಲಿನಲ್ಲಿ ಆರಂಭಿಸಿದರು. ನಮ್ಮ ನಕ್ಷೆಗಳಲ್ಲಿ ವಿಐಪಿ ಲಾಂಜ್ ಇರುತ್ತದೆ, ಕಾರ್ಯಾಗಾರಕ್ಕೆ ಮೆಟ್ಟಿಲ ಕೆಳಗಿನ ಕೋಣೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಸಿಗುತ್ತಾ?

ಸಿಗುತ್ತದೆ, ಆದರೆ ನಿಯಮ ತಿಳಿದುಕೊಂಡು ಹೋಗಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದು ಇದ್ದರೂ ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು. ವಿಜ್ಞಾನ ಕೇಂದ್ರವನ್ನು ಶಿಕ್ಷಣದ ಬಾಬತ್ತಿನಲ್ಲಿ ತೋರಿಸಬಹುದು. ಕಂಪನಿ ಕೆಲಸ ಮಾಡುವ ಸುತ್ತಮುತ್ತಲಿನ ಜಾಗಕ್ಕೆ ಆದ್ಯತೆ ಕೊಡಿ ಅಂತ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳ ಹಿಂದೆ ಓಡುವ ಮೊದಲು ನಿಮ್ಮ ಜಿಲ್ಲೆಯ ಸಿಮೆಂಟ್, ಸಕ್ಕರೆ, ಉಕ್ಕಿನ ಕಾರ್ಖಾನೆಗಳ ಬಾಗಿಲು ತಟ್ಟಿ.

ಸಿಕ್ಕಿಬೀಳುವುದು ಇಲ್ಲಿ: ಖಾಸಗಿಯಾಗಿ ಹುಟ್ಟಿದ ಟ್ರಸ್ಟೋ ಸಂಘವೋ ಆದರೆ ಕನಿಷ್ಠ ಮೂರು ವರ್ಷ ಇಂಥದ್ದೇ ಕೆಲಸ ಮಾಡಿದ ದಾಖಲೆ ಬೇಕು, ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಸಿಎಸ್‌ಆರ್-1 ಫಾರಂ ತುಂಬಿ ನಂಬರ್ ತಗೊಂಡಿರಬೇಕು. ನಿನ್ನೆ ಹುಟ್ಟಿದ "ವಿಜ್ಞಾನ ಕೇಂದ್ರ ನಿರ್ಮಾಣ ಸಮಿತಿ"ಗೆ ಚೆಕ್ ಬರುವುದಿಲ್ಲ. ಸರ್ಕಾರವೇ ಸ್ಥಾಪಿಸಿದ ಸೊಸೈಟಿಗೆ ಈ ಮೂರು ವರ್ಷದ ಷರತ್ತು ಇಲ್ಲ. ಹಾಗಾಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ, ಸರ್ಕಾರದ ಆದೇಶದ ಮೇಲೆ ಹುಟ್ಟಿದ ಸೊಸೈಟಿ ಮಾಡಿಕೊಳ್ಳುವುದು ಸಲೀಸು. ಇನ್ನೊಂದು, ಸಿಎಸ್‌ಆರ್ ದುಡ್ಡಲ್ಲಿ ಮಾಡಿದ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಅದನ್ನು ಯಾರ ಹೆಸರಿಗೆ ಬರೆಯುತ್ತೀರಿ ಅಂತ ಕಂಪನಿಯವರು ಕೇಳುತ್ತಾರೆ, ಉತ್ತರ ರೆಡಿ ಇರಲಿ. ದೊಡ್ಡ ಕೆಲಸವನ್ನು ಶುರುವಾದ ವರ್ಷ ಬಿಟ್ಟು ಇನ್ನು ಮೂರು ವರ್ಷದ ತನಕ ಮುಂದುವರಿಸಬಹುದು, ಅದಕ್ಕಿಂತ ಎಳೆಯಲಾಗದು. ಐದು ವರ್ಷದ ಕಟ್ಟಡಕ್ಕೆ ಒಂದೇ ಕಂಪನಿಯನ್ನು ನೆಚ್ಚಿಕೊಳ್ಳುವ ಬದಲು ಒಂದೊಂದು ಗ್ಯಾಲರಿಯನ್ನು ಒಬ್ಬೊಬ್ಬರಿಗೆ ವಹಿಸುವುದು ವಾಸಿ.

ಅಮೆರಿಕದಲ್ಲಿರುವ ನಮ್ಮೂರಿನವರು ದುಡ್ಡು ಕೊಡ್ತೀನಿ ಅಂತಿದ್ದಾರೆ. ತಗೋಬಹುದಾ?

ಅವರ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಕಾನೂನಿನ ಕಣ್ಣಿಗೆ ಅವರು ವಿದೇಶಿ ಮೂಲ, ಮನೆಯಲ್ಲಿ ಎಷ್ಟೇ ಅಚ್ಚ ಹಾಸನದ ಕನ್ನಡ ಮಾತಾಡಲಿ. ಆಗ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಮೂರು ವರ್ಷ ವಯಸ್ಸಾಗಿರಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ಸುಮ್ನೆ ಸಂಘದ ಉಳಿತಾಯ ಖಾತೆಗೆ ಹಾಕಿಸಿಕೊಂಡರೆ ತೊಂದರೆ ನಿಮಗೆ, ಅವರಿಗಲ್ಲ.

ಊರವರ ದೇಣಿಗೆಗೆ 80ಜಿ ರಸೀದಿ ಕೊಡಿ. ನಗದು 2000 ರೂಪಾಯಿ ದಾಟಿದರೆ ತೆರಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ, ಮಾರ್ಚ್ ತಿಂಗಳಲ್ಲಿ ಬೈಸಿಕೊಳ್ಳಬೇಡಿ.

ಸಂಸದರ, ಶಾಸಕರ ನಿಧಿ?

ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ. ಅದರಲ್ಲೇ ಇಡೀ ಕ್ಷೇತ್ರದ ಬಸ್ ನಿಲ್ದಾಣ, ಸಮುದಾಯ ಭವನ ಎಲ್ಲ. ಆದರೂ ಕೇಳಿ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಹೊಸ ತಾರಾಲಯಕ್ಕೆ ರಾಜ್ಯಸಭಾ ಸದಸ್ಯೆಯಾಗಿ ನಿರ್ಮಲಾ ಸೀತಾರಾಮನ್ ತಮ್ಮ ನಿಧಿಯಿಂದ ಕೊಟ್ಟಿದ್ದಾರೆ. ರಾಜ್ಯಸಭೆಯವರು ರಾಜ್ಯದ ಯಾವ ಜಿಲ್ಲೆಗಾದರೂ ಕೊಡಬಹುದು, ಜನ ಅವರನ್ನು ಕೇಳುವುದೇ ಕಮ್ಮಿ. ಬೀದರಿನಿಂದ ಬಳ್ಳಾರಿ, ವಿಜಯನಗರದ ತನಕದ ಏಳು ಜಿಲ್ಲೆಯವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಂತ ಇನ್ನೊಂದು ಬಾಗಿಲಿದೆ.

ಟಿಕೆಟ್ ದುಡ್ಡಲ್ಲೇ ನಡೆದುಹೋಗುತ್ತೆ ಅಲ್ವಾ?

ಇಲ್ಲ. ಬರುವವರಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆ ಮಕ್ಕಳು, ಅವರ ಹತ್ತಿರ ಜಾಸ್ತಿ ಕೇಳಲೂ ಬಾರದು. ಕೋಲ್ಕತ್ತಾದ ಸೈನ್ಸ್ ಸಿಟಿ ತನ್ನ ಕಾಲ ಮೇಲೆ ನಿಂತಿದೆ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ನಿಜ, ಆದರೆ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೀಟಿನ ಸಭಾಂಗಣ ಇದೆ, ಮಹಾನಗರದ ಸಮ್ಮೇಳನಗಳು ಅಲ್ಲಿ ನಡೆಯುತ್ತವೆ, ಬಾಡಿಗೆ ಬರುತ್ತದೆ. ನಿಮ್ಮ ಜಿಲ್ಲಾ ಕೇಂದ್ರದಲ್ಲಿ ವರ್ಷಕ್ಕೆ ಎಷ್ಟು ಸಮ್ಮೇಳನ ಆಗುತ್ತವೆ?

ಎಕ್ಸ್‌ಪ್ಲೊರೇಟೋರಿಯಂನಂಥದ್ದೇ 2013ರಲ್ಲಿ ಸಮುದ್ರದ ದಂಡೆಯ ಹೊಸ ಜಾಗಕ್ಕೆ ಹೋದ ವರ್ಷವೇ ಲೆಕ್ಕ ಹಾಕಿದಷ್ಟು ಜನ ಬರದೆ ಸಿಬ್ಬಂದಿ ಕಡಿತ ಮಾಡಬೇಕಾಯಿತು. ಹೊಸ ಕಟ್ಟಡ ಅಂದರೆ ಹೊಸ ಖರ್ಚು. ಹಾಗಾಗಿ ಮೂಲನಿಧಿ ಬೇಕು. ವರ್ಷಕ್ಕೆ ಒಂದು ಕೋಟಿ ಕೊರತೆ ಬೀಳುತ್ತದೆ ಅಂದುಕೊಳ್ಳಿ. ಏಳು ಪರ್ಸೆಂಟ್ ಬಡ್ಡಿಯಲ್ಲಿ ಅಷ್ಟು ಬರಬೇಕಾದರೆ ಬ್ಯಾಂಕಿನಲ್ಲಿ ಹದಿನಾಲ್ಕು ಕೋಟಿಗಿಂತ ಜಾಸ್ತಿ ಇರಬೇಕು. ಬೆಲೆ ಏರಿಕೆ ಸೇರಿಸಿದರೆ ಇನ್ನೂ ಜಾಸ್ತಿ. ಈ ಅಂಕಿ ನೋಡಿ ಗಾಬರಿಯಾದರೆ ಕಟ್ಟಡದ ಅಳತೆ ಕಮ್ಮಿ ಮಾಡಿ.

ಅರ್ಧಕ್ಕೆ ದುಡ್ಡು ಮುಗಿದರೆ?

ಅದು ನಮ್ಮಲ್ಲಿ ಮಾತ್ರ ಆಗುವುದು ಅಂತ ಅಂದುಕೊಳ್ಳಬೇಡಿ. ಅಮೆರಿಕದ ಮಯಾಮಿಯಲ್ಲಿ ಫ್ರಾಸ್ಟ್ ವಿಜ್ಞಾನ ಮ್ಯೂಸಿಯಂ ಕಟ್ಟುವಾಗ ಹೀಗೇ ಆಯಿತು. ಒಟ್ಟು 30 ಕೋಟಿ ಡಾಲರಿನ ಆಸುಪಾಸಿನ ಯೋಜನೆ. ಅರ್ಧಕ್ಕಿಂತ ಜಾಸ್ತಿ ಅಲ್ಲಿನ ಕೌಂಟಿಯ, ಅಂದರೆ ಸ್ಥಳೀಯ ಸರ್ಕಾರದ ದುಡ್ಡು, ಉಳಿದದ್ದು ದಾನಿಗಳದು. ದಾನಿಗಳು ಕೊಡುತ್ತೇವೆ ಅಂದದ್ದು ಹಲವು ವರ್ಷಗಳ ಕಂತಿನಲ್ಲಿ, ಗುತ್ತಿಗೆದಾರರ ಬಿಲ್ಲು ಪ್ರತಿ ತಿಂಗಳು. ಮಧ್ಯದ ಅಂತರಕ್ಕೆ ಸಾಲ ತೆಗೆಯುವ ಲೆಕ್ಕಾಚಾರ ಇತ್ತು, ಅದು ಕೈಗೂಡಲಿಲ್ಲ. 2016ರ ಹೊತ್ತಿಗೆ ಕಟ್ಟಡ ಅರ್ಧಂಬರ್ಧ, ಕೈಯಲ್ಲಿ ದುಡ್ಡಿಲ್ಲ. ಕೊನೆಗೆ ಕೌಂಟಿ ಇನ್ನೂ ನಾಲ್ಕು ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು, ಆಡಳಿತ ಮಂಡಳಿಯನ್ನು ಬದಲಾಯಿಸಿ, 2017ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು.

ವೇದಿಕೆ ಮೇಲೆ ಘೋಷಿಸಿದ ಮೊತ್ತವನ್ನು ಲೆಕ್ಕದ ಪುಸ್ತಕದಲ್ಲಿ ಸೇರಿಸಬೇಡಿ. ಖಾತೆಗೆ ಬಂದದ್ದು ಒಂದು ಕಾಲಂ, ಬರೆದುಕೊಟ್ಟದ್ದು ಇನ್ನೊಂದು, ಬಾಯಲ್ಲಿ ಹೇಳಿದ್ದು ಮೂರನೆಯದು. ಗುತ್ತಿಗೆಗೆ ಸಹಿ ಹಾಕುವಾಗ ಮೊದಲ ಕಾಲಂ ಮಾತ್ರ ನೋಡಿ. ಕಟ್ಟಡವನ್ನು ಹಂತಗಳಲ್ಲಿ ಮಾಡಿ, ಆದರೆ ಮೊದಲ ಹಂತ ಮುಗಿದಾಗ ಅದೊಂದೇ ಬಾಗಿಲು ತೆರೆದು ನಡೆಯುವ ಹಾಗಿರಲಿ. ಬರೀ ಪಿಲ್ಲರ್ ಎಬ್ಬಿಸಿ ಮೊದಲ ಹಂತ ಅನ್ನುವುದರಲ್ಲಿ ಅರ್ಥ ಇಲ್ಲ.

ತಾರಾಲಯವೂ ಸೇರಿಸಿ ಅಂತಿದ್ದಾರೆ.

ಸೇರಿಸಿದರೆ ಜನ ಜಾಸ್ತಿ ಬರುತ್ತಾರೆ, ಖರ್ಚೂ ಜಾಸ್ತಿ. ಪ್ರೊಜೆಕ್ಟರ್ ಹಳೆಯದಾಗುತ್ತದೆ, ಆಗ ದೊಡ್ಡ ಮೊತ್ತ ಬೇಕು. ಬೆಂಗಳೂರಿನ ನೆಹರೂ ತಾರಾಲಯವನ್ನು 1989ರಲ್ಲಿ ಕಟ್ಟಿದ್ದು ನಗರಪಾಲಿಕೆ, ನಡೆಸುತ್ತಿರುವುದು ವಿಜ್ಞಾನ ಶಿಕ್ಷಣಕ್ಕಾಗಿಯೇ ಇರುವ ಒಂದು ಪ್ರತ್ಯೇಕ ಸಂಸ್ಥೆ. ಕಟ್ಟುವವರು ಬೇರೆ, ನಡೆಸುವವರು ಬೇರೆ ಅನ್ನುವ ಆ ಏರ್ಪಾಡು ನನಗೆ ಗುಮ್ಮಟಕ್ಕಿಂತ ಮುಖ್ಯ ಅನಿಸುತ್ತದೆ. ಸದ್ಯಕ್ಕೆ ಗಾಳಿ ತುಂಬುವ ಗುಮ್ಮಟ ಸಾಕು, ಶಾಲೆಗೂ ಒಯ್ಯಬಹುದು.

ಕಟ್ಟಡ ಇಲ್ಲದೆಯೇ ಶುರು ಮಾಡಬಹುದಾ?

ಮಾಡಬಹುದು, ಮಾಡಿದರೆ ಒಳ್ಳೇದು. ಸೈನ್ಸ್ ಗ್ಯಾಲರಿ ಬೆಂಗಳೂರು ತನ್ನ ಸ್ವಂತ ಕಟ್ಟಡದ ಬಾಗಿಲು ತೆರೆದದ್ದು 2024ರ ಜನವರಿಯಲ್ಲಿ. ಅದಕ್ಕೂ ಹಲವು ವರ್ಷ ಮೊದಲೇ ಬೇರೆಯವರ ಜಾಗಗಳಲ್ಲಿ ಪ್ರದರ್ಶನ ಮಾಡಿತ್ತು. 2021ರಲ್ಲಿ ಸೋಂಕಿನ ಬಗೆಗಿನ ಪ್ರದರ್ಶನವನ್ನು ಪೂರ್ತಿ ಆನ್‌ಲೈನಿನಲ್ಲೇ ನಡೆಸಿತು. ಕಟ್ಟಡ ಬರುವ ಹೊತ್ತಿಗೆ ಕೆಲಸ ಬಲ್ಲ ತಂಡ ರೆಡಿ ಇತ್ತು. ಕಲ್ಕತ್ತಾದ ಬಿರ್ಲಾ ಮ್ಯೂಸಿಯಂ 1965ರಲ್ಲೇ ಬಸ್ಸಿನಲ್ಲಿ ಮಾದರಿಗಳನ್ನು ತುಂಬಿ ಹಳ್ಳಿಗಳಿಗೆ ಕಳಿಸಿತ್ತು.

ನೀವು ಒಂದು ಹಳೇ ಸರ್ಕಾರಿ ಶಾಲೆಯ ಎರಡು ಕೋಣೆ ಕೇಳಿ. ಇಪ್ಪತ್ತು ಮಾದರಿ, ಒಬ್ಬ ಮೆಕ್ಯಾನಿಕ್, ಇಬ್ಬರು ವಿವರಿಸುವವರು. ಯಾವ ಮಾದರಿ ಬೇಗ ಮುರಿಯುತ್ತದೆ, ಯಾವುದರ ಮುಂದೆ ಮಕ್ಕಳು ನಿಲ್ಲುತ್ತಾರೆ, ಫಲಕದ ಕನ್ನಡ ಏಳನೇ ಕ್ಲಾಸಿನ ಮಗುವಿಗೆ ಅರ್ಥ ಆಗುತ್ತದಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಮೂರು ವರ್ಷ ನಡೆಸಿದರೆ ಸಿಎಸ್‌ಆರ್‌ಗೆ ಬೇಕಾದ ದಾಖಲೆಯೂ ಆಯಿತು.

ದಾನಿಗಳ ಹೆಸರು ಎಲ್ಲಿ ಹಾಕೋದು?

ಬಾಗಿಲ ಹತ್ತಿರ ಒಂದೇ ಗೋಡೆ. ಅಕ್ಷರದ ಅಳತೆ ಎಲ್ಲರಿಗೂ ಒಂದೇ ಅಂತ ಮೊದಲೇ ನಿರ್ಣಯ ಮಾಡಿ ಸಹಿ ಹಾಕಿಸಿ. ಫ್ಯಾನಿನ ರೆಕ್ಕೆ ಮೇಲೆಲ್ಲ ಬೇಡ.

ಸರಿ, ನಾಳೆ ಬೆಳಿಗ್ಗೆ ಏನು ಮಾಡಲಿ?

ಜಿಲ್ಲಾಧಿಕಾರಿಗೆ ಎರಡು ಪುಟದ ಮನವಿ ಬರೆಯಿರಿ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಪ್ರತಿ ಕಳಿಸಿ. ಜತೆಗೆ ಜಿಲ್ಲೆಯಲ್ಲಿ ಶಾಲೆಗಳು ಎಷ್ಟು, ಮಕ್ಕಳು ಎಷ್ಟು, ಹತ್ತಿರದ ವಿಜ್ಞಾನ ಕೇಂದ್ರ ಎಷ್ಟು ಕಿಲೋಮೀಟರ್, ನೋಡಿರುವ ಜಾಗದ ಪಹಣಿ ಮತ್ತು ಸರ್ವೆ ಸ್ಕೆಚ್, ವರ್ಷದ ನಿರ್ವಹಣೆ ಖರ್ಚಿನ ಹಾಳೆ ಇರಲಿ. ಗುಮ್ಮಟದ ಚಿತ್ರ ಲಗತ್ತಿಸಬೇಡಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.